ನನ್ನ ಹೊಟ್ಟೆ ಇಳಿದ ಗಾಬರಿ

ಮನುಷ್ಯ ಹಾಳಾಗುತ್ತಿರುವಾಗ ಊರಿನವರು ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಅವನು ಸರಿಹೋಗಲು ಹೊರಟರೆ ಮಾತ್ರ ಎಲ್ಲರಿಗೂ ಗಾಬರಿಯಾಗುತ್ತದೆ. ಇದು ನಾನು ಎಲ್ಲೋ ಓದಿ ಹೇಳುತ್ತಿರುವ ಮಾತಲ್ಲ. ಐವತ್ತರ ದಶಕ ಮುಗಿಯುತ್ತ ಬಂದಿದ್ದಾಗ ನಾನು ಶಿಡ್ಲಘಟ್ಟದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಆ ದಿನಗಳಲ್ಲಿ ಸ್ವಂತ ಹೊಟ್ಟೆಯ ಮೂಲಕ ಕಲಿತ ಪಾಠ ಇದು. ಆಗ ನನಗೆ ಮೂವತ್ತೈದರ ಆಸುಪಾಸು. ಬೆಳಿಗ್ಗೆ ಕಚೇರಿಗೆ ಹೋದರೆ ಮೇಜಿಗೂ ಕುರ್ಚಿಗೂ ನಡುವೆ ನನ್ನನ್ನು ಸೇರಿಸಿಕೊಳ್ಳುವುದೇ ಒಂದು ಕೆಲಸವಾಗಿತ್ತು. ಆದರೂ ಯಾರೂ ನಕ್ಕವರಲ್ಲ. "ಕೃಷ್ಣಪ್ಪನೋರು ಈಗೀಗ ಒಳ್ಳೆ ಕಳೆಯಾಗಿ ಕಾಣ್ತಾರೆ" ಎನ್ನುತ್ತಿದ್ದರು. ದಿಬ್ಬೂರಹಳ್ಳಿಯ ಬೇಸಾಯದ ಮನೆಯಿಂದ ಬಂದು ಸರ್ಕಾರಿ ಕುರ್ಚಿಯಲ್ಲಿ ಕೂತವನಿಗೆ ಬಡ್ತಿ ಸಿಗದಿದ್ದರೂ ಹೊಟ್ಟೆಯಾದರೂ ಬರಬೇಕಲ್ಲ. ನನಗೆ ಅದು ಧಾರಾಳವಾಗಿಯೇ ಬಂದಿತ್ತು.

ಬರಲು ನಾನೂ ಸಾಕಷ್ಟು ದುಡಿದಿದ್ದೆ. ಕೆಲಸಕ್ಕೆ ಸೇರಿದ ಹೊಸತರಲ್ಲೇ, ರಾಗಿ ಮುದ್ದೆ ಉಣ್ಣುವವನು ಹಳ್ಳಿಯವನು, ಅನ್ನ ಉಣ್ಣುವವನು ಆಫೀಸಿನವನು ಎಂದು ತೀರ್ಮಾನಿಸಿ ಮನೆಯಲ್ಲಿ ಮುದ್ದೆ ಬಿಡಿಸಿದ್ದೆ. ಎರಡು ಹೊತ್ತೂ ಮಿಲ್ಲಿನ ಬೆಳ್ಳನೆಯ ಅಕ್ಕಿ. ನಡುವೆ ಕಚೇರಿಯ ಎದುರಿನ ಹೋಟೆಲಿನಲ್ಲಿ ಇಡ್ಲಿ, ವಡೆ. ಸಂಜೆ ಬೋಂಡ, ಕಾಫಿ. ರಾತ್ರಿ ಊಟಕ್ಕೆ ಕೂತರೆ ಪಕ್ಕದಲ್ಲಿ ದಿನಪತ್ರಿಕೆ. ಓದುತ್ತ ಓದುತ್ತ ತಟ್ಟೆ ಖಾಲಿಯಾಗುತ್ತಿತ್ತು, ಹೆಂಡತಿ ಸರೋಜ ಬಡಿಸುತ್ತಿದ್ದಳು, ಮತ್ತೆ ಖಾಲಿಯಾಗುತ್ತಿತ್ತು. ಏನು ಉಂಡೆ ಎಂದು ಕೇಳಿದ್ದರೆ ದಿಲ್ಲಿಯ ಸುದ್ದಿ ಹೇಳುತ್ತಿದ್ದೆನೇ ಹೊರತು ಸಾರು ಯಾವುದು ಎಂದು ಹೇಳಲಾಗುತ್ತಿರಲಿಲ್ಲ.

ಹೀಗಿರುವಾಗ ಒಬ್ಬ ವಿಮೆಯ ಏಜೆಂಟರು ಬೆನ್ನು ಹತ್ತಿದರು. ಸಾಯುವುದರ ಬಗ್ಗೆ ಅಷ್ಟು ಪ್ರೀತಿಯಿಂದ ಮಾತಾಡುವವರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅವರ ಕಾಟ ತಡೆಯಲಾರದೆ ಕೊನೆಗೆ ಒಪ್ಪಿಕೊಂಡೆ. ದೇಹ ಪರೀಕ್ಷೆಗೆ ಅವರೇ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ನಾಡಿ ಹಿಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು, ಹೊಟ್ಟೆಯ ಸುತ್ತ ಟೇಪು ಸುತ್ತಿದರು, ಆಮೇಲೆ ಏಜೆಂಟರಿಗೆ ಸ್ವಲ್ಪ ಹೊರಗೆ ಕೂತಿರಿ ಎಂದರು.

"ನಿಮ್ಮ ತಂದೆಯವರು ಇದ್ದಾರಾ?" ಎಂದು ಕೇಳಿದರು.

"ಇಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗಲೇ ಹೋದರು."

"ಹೇಗೆ ಹೋದರು?"

ನಾನು ಹೇಳಿದೆ. ನೆಂಟರ ಮದುವೆಗೆ ಹೋಗಿದ್ದರು. ಪಂಕ್ತಿಯಲ್ಲಿ ಎಲ್ಲರಿಗಿಂತ ಹೆಚ್ಚು ಹೋಳಿಗೆ ಉಂಡವರು ಅವರೇ ಅಂತೆ. ಕೈ ತೊಳೆದು ಬಂದು ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತವರು ಮತ್ತೆ ಏಳಲಿಲ್ಲ. ನಮ್ಮ ಮನೆಯಲ್ಲಿ ಅದನ್ನು ಯಾವಾಗಲೂ ಒಂದು ಭಾಗ್ಯ ಎನ್ನುವ ಹಾಗೆಯೇ ಹೇಳುತ್ತಿದ್ದರು: ಪುಣ್ಯಾತ್ಮ, ಹಬ್ಬದೂಟ ಉಂಡು ನಗುನಗುತ್ತಾ ಹೋದ ಎಂದು. ನಾನೂ ಡಾಕ್ಟರಿಗೆ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರು ಟೇಪನ್ನು ಬೆರಳಿಗೆ ನಿಧಾನವಾಗಿ ಸುತ್ತಿಕೊಳ್ಳುತ್ತ ನನ್ನ ಮುಖ ನೋಡಿದರು. ಅಪ್ಪ ಹೋಗಿ ಅಷ್ಟು ವರ್ಷವಾದ ಮೇಲೆ, ಆ ಕೋಣೆಯಲ್ಲಿ, ಅಪ್ಪನ ಸಾವಿನ ಸುದ್ದಿ ನನಗೆ ಮೊದಲನೆಯ ಸಲ ಮುಟ್ಟಿದಂತಾಯಿತು.

"ಈಗ ವಿಮೆ ಬೇಡ" ಎಂದರು ಡಾಕ್ಟರು. "ಮೈ ಇಳಿಸಿಕೊಂಡು ಬನ್ನಿ, ನೋಡೋಣ."

ನಾನು ಬ್ಯಾಗಿನಿಂದ ಖಾಲಿ ಸೀಸೆ ತೆಗೆದೆ. ಆಗ ಡಾಕ್ಟರ ಹತ್ತಿರ ಹೋಗುವಾಗ ಮಿಕ್ಸ್ಚರಿಗೆ ನಾವೇ ಸೀಸೆ ಒಯ್ಯಬೇಕಿತ್ತು. ಮುನ್ನೆಚ್ಚರಿಕೆಗೆ ಸರೋಜ ಒಂದನ್ನು ತೊಳೆದು ಕೊಟ್ಟಿದ್ದಳು. ಡಾಕ್ಟರು ಅದನ್ನು ನೋಡಿ, "ಅದನ್ನ ಒಳಗಿಡಿ. ಇದಕ್ಕೆ ಔಷಧ ಇಲ್ಲ. ಹಸಿದಾಗ ಉಣ್ಣಿ, ಚೆನ್ನಾಗಿ ಅಗಿದು ಉಣ್ಣಿ, ಇನ್ನೊಂದು ತುತ್ತು ಬೇಕು ಅನ್ನಿಸುವಾಗಲೇ ಎದ್ದುಬಿಡಿ. ರಾಗಿ, ಕಾಳು, ಸೊಪ್ಪು ತಿನ್ನಿ. ಕತ್ತಲಾಗೋ ಮುಂಚೆ ಊಟ ಮುಗಿಸಿ. ದಿನಾ ನಡೀರಿ" ಎಂದರು. ಇಷ್ಟು ಓದಿದ ಡಾಕ್ಟರು ನನ್ನ ಅಜ್ಜಿ ಹೇಳಬಹುದಾದ ಮಾತನ್ನು ಹೇಳಿದ್ದು ನನಗೆ ಎರಡನೆಯ ಆಘಾತ. ಕಹಿಯಾದ ಒಂದು ಔಷಧ ಕೊಟ್ಟಿದ್ದರೆ ಕಣ್ಣು ಮುಚ್ಚಿ ಕುಡಿದುಬಿಡುತ್ತಿದ್ದೆ.

ಮೂರನೆಯದು ಮನೆಯಲ್ಲಿ ಕಾದಿತ್ತು. ಮುದ್ದೆ ಮಾಡುವುದನ್ನೇ ಬಿಟ್ಟ ಹೆಂಡತಿಗೆ ಮತ್ತೆ ಮಾಡು ಎಂದರೆ ಬೇಸರಪಟ್ಟುಕೊಳ್ಳುತ್ತಾಳೋ ಏನೋ ಎಂದು ಅಂಜುತ್ತ ಅಂಜುತ್ತ ವಿಷಯ ಹೇಳಿದೆ. ಸರೋಜ ಒಲೆಯ ಹಿಂದಿನ ಮೂಲೆಯಿಂದ ಮುದ್ದೆ ಕೋಲು ತೆಗೆದಳು. ಅದು ದೂಳು ಹಿಡಿದಿರಲಿಲ್ಲ. ಹಿಡಿಯ ಕಡೆ ನುಣುಪಾಗಿ ಸವೆದು ಹೊಳೆಯುತ್ತಿತ್ತು.

"ಇದು ಯಾವಾಗ ಸವೀತು?" ಎಂದೆ.

"ದಿನಾ ಸವೀತಾನೇ ಇದೆ. ನಿಮಗೆ ಅನ್ನ ಬಡಿಸಿದ ಮೇಲೆ ನಾನು ಉಣ್ಣೋದು ಇದನ್ನೇ" ಎಂದಳು. "ನನಗೆ ಬರೀ ಅನ್ನ ಉಂಡ್ರೆ ಹೊಟ್ಟೆ ತುಂಬಿದಂಗೆ ಆಗಲ್ಲ ಕಣ್ರೀ."

ಯೋಚಿಸಿ ನೋಡಿದರೆ, ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳು ಊಟ ಮಾಡುವುದನ್ನು ನಾನು ನೋಡಿಯೇ ಇರಲಿಲ್ಲ. ನಾನು ಉಂಡೆದ್ದು ಮಲಗಿದ ಮೇಲೆ ಅವಳು ಅಡುಗೆಮನೆಯಲ್ಲಿ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಕತ್ತಲಾಗುವ ಮುಂಚೆ ಊಟ ಎಂದಾಗಿ, ಪತ್ರಿಕೆಯನ್ನೂ ಅವಳು ಕಸಿದಿಟ್ಟ ಮೇಲೆ, ಬೇರೆ ದಾರಿ ಕಾಣದೆ ಇಬ್ಬರೂ ಎದುರುಬದುರು ಕೂತೆವು. ಅವಳು ಎಷ್ಟು ಚೆನ್ನಾಗಿ ಮಾತಾಡುತ್ತಾಳೆ ಎನ್ನುವುದು ಆಗ ತಿಳಿಯಿತು. ಬಸ್ಸಾರು, ಹುರುಳಿಕಾಳು, ಹುಚ್ಚೆಳ್ಳು ಚಟ್ನಿ, ಹೊಲದ ಬದುವಿನ ಬೆರಕೆ ಸೊಪ್ಪು, ಇವುಗಳ ರುಚಿಯೂ ಹಳೆಯ ಸ್ನೇಹಿತರ ಹಾಗೆ ಒಂದೊಂದಾಗಿ ವಾಪಸು ಬಂತು. ಅಗಿಯುವುದೊಂದೇ ಕಷ್ಟ. ಮುದ್ದೆಯನ್ನು ನುಂಗಬೇಕೋ ಅಗಿಯಬೇಕೋ ಎಂದು ಡಾಕ್ಟರನ್ನು ಕೇಳಲು ಮರೆತಿದ್ದೆ. ನಮ್ಮ ಕಡೆ ಮುದ್ದೆ ಅಗಿಯುವವನನ್ನು ಕಂಡರೆ ಮಕ್ಕಳೂ ನಗುತ್ತವೆ. ಕೊನೆಗೆ ಮುದ್ದೆ ನುಂಗುವುದು, ಸೊಪ್ಪು ಕಾಳು ಅಗಿಯುವುದು ಎಂದು ಗಂಡ ಹೆಂಡತಿ ರಾಜಿ ಮಾಡಿಕೊಂಡೆವು.

ನಡೆಯುವುದಕ್ಕೆ ಜೊತೆಯಾದವರು ಪಕ್ಕದ ಮನೆಯ ಖಾದರ್ ಸಾಹೇಬರು. ರೇಷ್ಮೆ ನೂಲು ತೆಗೆಸುವವರು. ಬಟ್ಟೆಗೆಲ್ಲ ಗೂಡು ಬೇಯಿಸಿದ ವಾಸನೆ. ಅಷ್ಟು ವರ್ಷ "ನಮಸ್ಕಾರ", "ಸಲಾಂ" ಬಿಟ್ಟರೆ ನಮ್ಮಲ್ಲಿ ಮಾತೇ ಇರಲಿಲ್ಲ. ಈಗ ಸಂಜೆ ಕೆರೆ ಏರಿಯ ಮೇಲೆ ನಡೆಯುತ್ತ ಗೂಡಿನ ಮಾರುಕಟ್ಟೆಯಿಂದ ಹಿಡಿದು ಅವರ ಮಗಳ ಓದಿನವರೆಗೆ ಎಲ್ಲ ಹೇಳುತ್ತಿದ್ದರು. ಮೊದಮೊದಲು ನಾನು ಉತ್ತರ ಕೊಡಬೇಕಾದರೆ ನಿಂತು ಉಸಿರು ತಗೊಳ್ಳಬೇಕಿತ್ತು. ಹೋಗ್ತಾ ಹೋಗ್ತಾ ನಾನೂ ಮಾತಿಗೆ ಮಾತು ಸೇರಿಸತೊಡಗಿದೆ. ರಾತ್ರಿ ಒಳ್ಳೆಯ ನಿದ್ದೆ, ಬೆಳಿಗ್ಗೆ ನಿಜವಾದ ಹಸಿವು. ಮಳೆಗಾಲ ಕಳೆದು ಅವರೆಕಾಯಿ ಬರುವ ಹೊತ್ತಿಗೆ ನನ್ನ ಅಂಗಿಗಳು ಬೇರೆ ಯಾರದೋ ಅಂಗಿಗಳಾಗಿದ್ದವು.

ಗಾಬರಿ ಶುರುವಾದದ್ದು ಆಗ. ಒಂದು ಸಂಜೆ ಖಾದರ್ ಸಾಹೇಬರು ಏರಿಯ ಮೇಲೆ ನಿಂತುಬಿಟ್ಟರು. "ಕೃಷ್ಣಪ್ಪನೋರೆ, ಬೇಜಾರು ಮಾಡ್ಕೋಬೇಡಿ. ಬಜಾರಲ್ಲಿ ನಿಮ್ಮ ಬಗ್ಗೆ ಮಾತಾಗ್ತಿದೆ. ನಿಮಗೆ ಎದೆ ಕಾಯಿಲೆ, ಕ್ಷಯ ಅಂತೆ, ವಿಮೆಯೋರೂ ಬೇಡ ಅಂದ್ರಂತೆ, ನಮ್ಮನೇಲೂ ದಿನಾ ಕೇಳ್ತಾರೆ, ಕೃಷ್ಣಪ್ಪನೋರು ಹೇಗಿದ್ದಾರೆ ಅಂತ."

"ಮೊದಲಿಗಿಂತ ಚೆನ್ನಾಗಿದ್ದೀನಲ್ಲ ಖಾದರ್ ಸಾಹೇಬರೆ."

"ನನಗೆ ಗೊತ್ತು. ಆದ್ರೆ ನಾನು ಹಂಗೆ ಹೇಳಿದ್ರೆ ಅವರು ಅಯ್ಯೋ ಪಾಪ ಅಂತಾರೆ."

ಕಚೇರಿಯಲ್ಲಿ ಗಮನಿಸಿದೆ. ಎಲ್ಲರೂ ನನ್ನ ಜೊತೆ ಮೆಲ್ಲಗೆ ಮಾತಾಡುತ್ತಿದ್ದರು. ತಹಶೀಲ್ದಾರರು ನನಗೆ ಬಯ್ಯುವುದನ್ನು ನಿಲ್ಲಿಸಿದ್ದರು. ಕಿಟಕಿಯ ಪಕ್ಕದ ನನ್ನ ಜಾಗದ ಮೇಲೆ ಬಹಳ ದಿನದಿಂದ ಕಣ್ಣಿಟ್ಟಿದ್ದ ಸಹೋದ್ಯೋಗಿಯೊಬ್ಬರು, "ಅವಸರ ಏನಿಲ್ಲ, ಸುಮ್ಮನೆ ಕೇಳ್ದೆ" ಎಂದು ಆ ಕಿಟಕಿಯಿಂದ ಮಧ್ಯಾಹ್ನ ಬಿಸಿಲು ಬರುತ್ತದೆಯೋ ಎಂದು ವಿಚಾರಿಸಿದರು. ಡಾಕ್ಟರ ಹತ್ತಿರ ಹೋಗಿ, ನನಗೆ ಏನೂ ಇಲ್ಲ ಎಂದು ನೀವಾದರೂ ನಾಲ್ಕು ಜನಕ್ಕೆ ಹೇಳಿ ಎಂದು ಬೇಡಿಕೊಂಡೆ. ಅವರು ಹೇಳಿದರು. ಡಾಕ್ಟರೇ ಏನೂ ಇಲ್ಲ ಅನ್ನುತ್ತಿದ್ದಾರೆ ಅಂದ ಮೇಲೆ ಏನೋ ಮುಚ್ಚಿಡುತ್ತಿದ್ದಾರೆ ಎಂದು ಊರು ಅರ್ಥ ಮಾಡಿಕೊಂಡಿತು.

ಸುದ್ದಿ ಬಸ್ಸು ಹತ್ತಿ ದಿಬ್ಬೂರಹಳ್ಳಿಗೆ ಹೋಯಿತು. ಅಲ್ಲಿಂದ ನನ್ನ ಅಮ್ಮ ಬಸ್ಸು ಹತ್ತಿ ಬಂದಳು. ಕಂಕುಳಲ್ಲಿ ಒಂದು ಕೋಳಿ, ಕೈಯಲ್ಲಿ ತುಪ್ಪದ ಡಬ್ಬ. ಬಾಗಿಲಲ್ಲಿ ನನ್ನನ್ನು ನೋಡಿದವಳೇ ಕೋಳಿಯನ್ನು ಕೈಬಿಟ್ಟಳು. ಅದು ಅಟ್ಟ ಹತ್ತಿತು. ಅಮ್ಮ ನನ್ನ ಕೆನ್ನೆ, ಭುಜ, ಪಕ್ಕೆ ಎಲ್ಲ ಸವರಿ ನೋಡಿದಳು.

"ಏನ್ ನಾಯನಾ ಇದು, ಹಿಂಗಾಗಿ ಹೋಗಿದ್ದೀಯ. ನಿಮ್ಮಪ್ಪ ಹೆಂಗಿದ್ದ, ಆನೆ ಇದ್ದಂಗೆ ಇದ್ದ" ಎಂದು ಕಣ್ಣೊರೆಸಿಕೊಂಡಳು. ಆಮೇಲೆ ಸರೋಜಳ ಕಡೆ ತಿರುಗಿ, "ಏನಮ್ಮಾ, ನನ್ನ ಮಗನಿಗೆ ಹೊಟ್ಟೆಗೆ ಹಾಕ್ತಿದ್ದೀಯೋ ಇಲ್ವೋ" ಎಂದಳು.

ಆನೆಯಂತಿದ್ದ ಅಪ್ಪ ಎಲ್ಲಿ ಹೋದ ಎಂದು ಕೇಳಬೇಕೆನಿಸಿತು. ಅಮ್ಮನ ಮುಖ ನೋಡಿ ಕೋಳಿ ಹಿಡಿಯಲು ಅಟ್ಟದ ಕಡೆ ತಿರುಗಿದೆ. ಅವಳಿಗೆ ನಿಜವಾಗಿ ಹೆದರಿಕೆ ಇದ್ದದ್ದು ಬೇರೆ ಕಡೆ. ನನ್ನ ತಂಗಿ ರತ್ನಳಿಗೆ ಮಂಚೇನಹಳ್ಳಿಯ ಕಡೆಯ ಒಂದು ಒಳ್ಳೆಯ ಮನೆತನದಲ್ಲಿ ಮಾತಾಗಿತ್ತು. ಹುಡುಗ ಮಾಸ್ತರನಾಗಿದ್ದ; ಇಬ್ಬರಿಗೂ ಒಪ್ಪಿಗೆಯಾಗಿತ್ತು. ಆದರೆ ಹುಡುಗನ ತಂದೆ ವೆಂಕಟರಾಯಪ್ಪನವರ ಕಿವಿಗೂ ಸುದ್ದಿ ಬಿದ್ದು, ಅಣ್ಣನಿಗೆ ಕ್ಷಯ ಇರೋ ಮನೆಯ ಹೆಣ್ಣು ತರೋದು ಹೇಗೆ, ನಾನೇ ಬಂದು ಒಂದು ಸಲ ಕಣ್ಣಾರೆ ನೋಡುತ್ತೇನೆ ಎಂದು ಹೇಳಿ ಕಳಿಸಿದ್ದರಂತೆ. ಹೆಣ್ಣು ನೋಡುವ ಶಾಸ್ತ್ರ ಮುಗಿದಿತ್ತು. ಈಗ ಹೆಣ್ಣಿನ ಅಣ್ಣನನ್ನು ನೋಡುವ ಶಾಸ್ತ್ರ. ಆರೋಗ್ಯವಾಗಿರಲು ಹೋಗಿ ತಂಗಿಯ ಮದುವೆ ಮುರಿದವನು ಎಂಬ ಹೆಸರು ಲೋಕದಲ್ಲಿ ಬೇರೆ ಯಾರಿಗಾದರೂ ಬಂದಿದೆಯೋ ಇಲ್ಲವೋ.

ಗೊತ್ತಾದ ದಿನ ಗಂಡ ಹೆಂಡತಿ ಇಬ್ಬರೂ ದಿಬ್ಬೂರಹಳ್ಳಿಗೆ ಹೋದೆವು. ವೆಂಕಟರಾಯಪ್ಪನವರು ಬಂದರು. ಭಾರಿ ಆಳು, ಕೆಂಪು ಪೇಟ, ಬೀಸು ನಡೆ. ಅವರು ಮಂಚದ ಮೇಲೆ ಕೂತಾಗ ಅದು ಕಿರ್ ಎಂದಿತು. ಅಮ್ಮನಿಗೆ ಆ ಸದ್ದೇ ಹಿತವಾಗಿ ಕೇಳಿತೆಂದು ಕಾಣುತ್ತದೆ. ಒಳಗೆ ಕರೆದು ನನ್ನ ಕಿವಿಯಲ್ಲಿ, "ಇವತ್ತೊಂದಿನ ನಿನ್ನ ಡಾಕ್ಟ್ರನ್ನ ಮರ್ತುಬಿಡು. ತಂಗಿಗೋಸ್ಕರ ಮೂರು ಮುದ್ದೆ ಉಣ್ಣು, ನಾಯನಾ" ಎಂದಳು. ಸರೋಜ ಒಲೆಯ ಕಡೆ ತಿರುಗಿದಳು. ಅವಳ ಬಾಯಿಯನ್ನು ಅಮ್ಮ ಬಂದ ದಿನವೇ ಕಟ್ಟಿಹಾಕಿದ್ದಳು.

ಎಲೆ ಹಾಕಿದರು. ಅವರೆಯ ಹಿತಕಬೇಳೆ ಹಾಕಿದ ಕೋಳಿಸಾರು. ಅದರ ವಾಸನೆಗೆ ಋಷಿಗಳೂ ಎದ್ದು ಬರಬೇಕು. ಅಮ್ಮ ನನ್ನ ಎಲೆಗೆ ಎರಡು ಮುದ್ದೆ ಒಟ್ಟಿಗೆ ಹಾಕಿ ಮೂರನೆಯದನ್ನು ಹಿಡಿದುಕೊಂಡೇ ನಿಂತಳು. ವೆಂಕಟರಾಯಪ್ಪನವರು ತಮ್ಮ ಎಲೆ ಬಿಟ್ಟು ನನ್ನ ಎಲೆಯನ್ನೇ ನೋಡುತ್ತಿದ್ದರು. ನಾನು ಎರಡನೆಯ ಮುದ್ದೆಗೆ ಕೈ ಹಾಕಿದ್ದೆ. ಆಗ ಸಾರು ಬಡಿಸಲು ಬಗ್ಗಿದ ರತ್ನ ನನಗಷ್ಟೇ ಕೇಳುವ ಹಾಗೆ ಹೇಳಿದಳು:

"ಅಣ್ಣ, ನಿಂಗೆ ಬೇಕಾದಷ್ಟೇ ತಿನ್ನು. ಅಪ್ಪನ್ನ ನೋಡಿದ ನೆನಪೇ ನಂಗೆ ಇಲ್ಲ. ನೀನೂ ಹಂಗೆ ಹೋಗೋದಾದ್ರೆ ನಂಗೆ ಈ ಮದುವೇನೇ ಬೇಡ."

ಹೇಳಿ, ಎರಡನೆಯ ಮುದ್ದೆಯನ್ನು ಎಲ್ಲರ ಎದುರಿಗೇ ನನ್ನ ಎಲೆಯಿಂದ ತೆಗೆದು ಪಾತ್ರೆಗೆ ಹಾಕಿಕೊಂಡು ಒಳಗೆ ಹೋದಳು. ಹತ್ತೊಂಬತ್ತು ವರ್ಷದ ಹುಡುಗಿ. ಅಮ್ಮ ಗೋಡೆಗೆ ಒರಗಿದಳು.

"ಏಮಪ್ಪಾ, ಒಂದೇ ಮುದ್ದೆಗೆ ಚಾಲಾ?" ಎಂದರು ವೆಂಕಟರಾಯಪ್ಪನವರು. ಅವರ ಕಡೆ ತೆಲುಗು ಕನ್ನಡ ಎರಡೂ ಒಂದೇ ಬಾಯಲ್ಲಿ ಬರುತ್ತಿದ್ದವು.

"ಸಾಕು ಮಾವ. ನನಗೆ ಇಷ್ಟೇ ಹಿಡಿಯೋದು" ಎಂದೆ.

ಅವರು ಮೂರು ಮುದ್ದೆ, ಮೇಲೆ ಅನ್ನ ಮುಗಿಸಿ ಎದ್ದರು. ಎಲೆ ಅಡಿಕೆ ಹಾಕಿಕೊಂಡು, "ಊರ ಹಿಂದಿನ ಗುಡ್ಡದ ಮೇಲೆ ಆಂಜನೇಯನ ಗುಡಿ ಐತಂತಲ್ಲ. ಹೋಗಿ ಕೈ ಮುಗ್ದು ಬರಣ, ನಡಿಯಪ್ಪ" ಎಂದರು. ಉಂಡ ಮೈಯಲ್ಲಿ ಯಾರೂ ಗುಡ್ಡ ಹತ್ತುವುದಿಲ್ಲ. ನಾನು ಎಲ್ಲಿ ಕೆಮ್ಮುತ್ತೇನೆ, ಎಲ್ಲಿ ಕೂರುತ್ತೇನೆ ಎಂದು ನೋಡುವ ಪರೀಕ್ಷೆ ಅದು ಎಂದು ಎಲ್ಲರಿಗೂ ಗೊತ್ತಾಯಿತು.

ಹತ್ತತೊಡಗಿದೆವು. ನನಗೆ ಕೆರೆ ಏರಿಯ ಅಭ್ಯಾಸ. ಕಾಲು ತಾನಾಗಿಯೇ ಹೋಗುತ್ತಿತ್ತು. ಖಾದರ್ ಸಾಹೇಬರ ಜೊತೆ ಮಾತಾಡುವ ಹಾಗೆಯೇ ಮಳೆ, ಬೆಳೆ ಎಂದು ಏನೋ ಹೇಳುತ್ತ ಹತ್ತುತ್ತಿದ್ದೆ. ಅರ್ಧ ದಾರಿ ಕಳೆದ ಮೇಲೆ ಹಿಂದಿನಿಂದ ಉತ್ತರ ಬರುವುದು ನಿಂತದ್ದು ಗಮನಕ್ಕೆ ಬಂತು. ತಿರುಗಿ ನೋಡಿದರೆ ವೆಂಕಟರಾಯಪ್ಪನವರು ಒಂದು ಬಂಡೆಗೆ ಆತು ನಿಂತಿದ್ದಾರೆ. ಪೇಟ ಕೈಯಲ್ಲಿದೆ. ಮುಖ ಬೂದಿಯ ಬಣ್ಣಕ್ಕೆ ತಿರುಗಿದೆ. ಏನೋ ಹೇಳಲು ಬಾಯಿ ತೆರೆದರು, ಮಾತು ಹೊರಡಲಿಲ್ಲ.

ಅಪ್ಪ ಜಗಲಿಯ ಮೇಲೆ ಕೂತದ್ದು ನಾನು ಕಂಡದ್ದಲ್ಲ, ಕೇಳಿದ್ದು. ಆ ಹೊತ್ತಿನಲ್ಲಿ ಅದನ್ನು ಕಂಡೆ. ಓಡಿ ಹೋಗಿ ಅವರನ್ನು ಬಂಡೆಯ ನೆರಳಿಗೆ ಕೂರಿಸಿದೆ, ಅಂಗಿಯ ಗುಂಡಿ ಬಿಚ್ಚಿದೆ, ಟವಲಿನಿಂದ ಗಾಳಿ ಹಾಕಿದೆ. ತಂಗಿಯ ಮದುವೆ, ನನ್ನ ಮಾನ ಯಾವುದೂ ತಲೆಯಲ್ಲಿರಲಿಲ್ಲ. ಈ ಮನುಷ್ಯ ಉಸಿರಾಡಿದರೆ ಸಾಕಾಗಿತ್ತು. ಬಹಳ ಹೊತ್ತಿನ ಮೇಲೆ ಅವರ ಮುಖಕ್ಕೆ ಸ್ವಲ್ಪ ಬಣ್ಣ ಬಂತು.

"ಮನೇಲಿ ಹೇಳಬೇಡ" ಎಂದರು ಮೊದಲು. ಆಮೇಲೆ ಕೆಳಗಿನ ಹೊಲಗಳನ್ನು ನೋಡುತ್ತ, "ಈ ವರ್ಷ ಇದು ಮೊದಲನೇ ಸಲ ಅಲ್ಲ. ನಮ್ಮಣ್ಣ ಹಿಂಗೇ ಕಣದಲ್ಲಿ ಕೂತೋನು ಏಳಲಿಲ್ಲ. ನಂಗೂ ರಾತ್ರಿ ಹೊತ್ತು ಹೆದರಿಕೆ ಆಗ್ತದೆ. ಯಾರ ಹತ್ರ ಹೇಳಲಿ. ಮೂರು ಮುದ್ದೆ ಉಣ್ಣೋನಿಗೆ ಕಾಯಿಲೆ ಅಂದ್ರೆ ಯಾರು ನಂಬ್ತಾರೆ" ಎಂದರು.

ನಾನು ಅವರ ಪಕ್ಕದಲ್ಲೇ ಕೂತು ನಮ್ಮಪ್ಪನ ಕಥೆ ಹೇಳಿದೆ, ಡಾಕ್ಟರ ಟೇಪಿನ ಕಥೆಯನ್ನೂ ಅವರು ಹೇಳಿದ ಊಟದ ಕ್ರಮವನ್ನೂ ಹೇಳಿದೆ. ಹುಡುಗನ ತಂದೆಯೂ ಹುಡುಗಿಯ ಅಣ್ಣನೂ ಕೂತು ಮಾತಾಡಬೇಕಾದ ವಿಷಯಗಳು ಅವಲ್ಲ. ಆದರೆ ಗುಡ್ಡದ ಮೇಲೆ ನಮ್ಮನ್ನು ಕೇಳುವವರು ಯಾರಿದ್ದರು. ಆಂಜನೇಯನಿಗೆ ಇದ್ದಲ್ಲಿಂದಲೇ ಕೈ ಮುಗಿದು, ಅವರ ಕೈಯನ್ನು ನನ್ನ ಭುಜದ ಮೇಲೆ ಹಾಕಿಕೊಂಡು ನಿಧಾನವಾಗಿ ಇಳಿಸಿ ಕರೆತಂದೆ. ಕೆಳಗೆ ಊರಿನವರೆಲ್ಲ ನಿಂತು ನೋಡುತ್ತಿದ್ದರು: ಕ್ಷಯದವನು ಆನೆಯನ್ನು ಹೊತ್ತು ತರುತ್ತಿದ್ದ. ಯಾರಿಗೂ ಏನನ್ನೂ ಹೇಳಬೇಕಾಗಲಿಲ್ಲ. ವೆಂಕಟರಾಯಪ್ಪನವರು ಅಮ್ಮನಿಗೆ, "ಲಗ್ನ ಇಟ್ಕೊಳ್ಳಿ ತಾಯಿ" ಎಂದಷ್ಟೇ ಹೇಳಿ ಬಸ್ಸಿಗೆ ಹೊರಟರು. ಅಮ್ಮ ಅವರು ಹೋದ ಮೇಲೂ ಬಾಗಿಲಲ್ಲೇ ಕೂತಿದ್ದಳು. "ನಿಮ್ಮಪ್ಪನೂ ಏರು ಹತ್ತಿದ್ರೆ ಹಂಗೇ ಬಂಡೆ ಹುಡುಕ್ತಿದ್ದ. ನಾನು ಆಯಾಸ ಅಂತ ಇನ್ನಷ್ಟು ತುಪ್ಪ ಹಾಕ್ತಿದ್ದೆ" ಎಂದಳು. ಸರೋಜ ಹೋಗಿ ಅವಳ ಪಕ್ಕದಲ್ಲಿ ಕೂತಳು. ಅಮ್ಮ ಅವಳ ಕೈ ಹಿಡಿದುಕೊಂಡಳು.

ಮದುವೆ ಚೆನ್ನಾಗಿ ಆಯಿತು. ಅದಾದ ಒಂದು ವರ್ಷದ ಮೇಲೆ ಒಂದು ಸಂಜೆ ನಾನು ಕೆರೆ ಏರಿಯಿಂದ ಮನೆಗೆ ಬಂದಾಗ ಹೊರಗೆ ಯಾರೋ ಸಣಕಲು ಮನುಷ್ಯ ಕೂತಿದ್ದರು. ಅಂಗಿ ಗೂಟಕ್ಕೆ ತೂಗುಹಾಕಿದಂತಿತ್ತು. ಕೆನ್ನೆ ಒಳಕ್ಕೆ ಹೋಗಿತ್ತು. ಅವರು ಎದ್ದು ನಿಂತು ಪೇಟ ಸರಿಮಾಡಿಕೊಂಡಾಗಲೇ ವೆಂಕಟರಾಯಪ್ಪನವರು ಎಂದು ಗುರುತಾದದ್ದು. "ಬಸ್ ಸ್ಟ್ಯಾಂಡಿಂದ ನಡ್ಕೊಂಡೇ ಬಂದೆ ಕಣಪ್ಪ. ಬೋ ಆರಾಮಾಗಿದ್ದೀನಿ" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಒಳಗೆ ಹೋಗಿ ಸರೋಜಳಿಗೆ ಪಿಸುಮಾತಿನಲ್ಲಿ, "ಬೀಗರು ತೀರಾ ಇಳಿದುಹೋಗಿದ್ದಾರೆ. ಏನೋ ಇದೆ, ಮುಚ್ಚಿಡ್ತಿದ್ದಾರೆ. ರತ್ನ ಇರೋ ಮನೆ ಬೇರೆ. ಸ್ವಲ್ಪ ತುಪ್ಪ ಹೆಚ್ಚಾಗಿ ಹಾಕು" ಎಂದೆ. ಅವಳು ಮುದ್ದೆ ತಿರುವುತ್ತಿದ್ದವಳು ಕೋಲು ನಿಲ್ಲಿಸಿ ನನ್ನನ್ನು ನೋಡಿದಳು. ತುಪ್ಪದ ಡಬ್ಬವನ್ನು ಮಾತ್ರ ತೆಗೆಯಲಿಲ್ಲ.

ಊಟಕ್ಕೆ ಕೂತೆವು. ಬೀಗರು ಸೊಪ್ಪನ್ನು ನಿಧಾನವಾಗಿ ಅಗಿಯುತ್ತ, ಮೊಮ್ಮಗು ಬರುವ ಸುದ್ದಿ ಹೇಳುತ್ತ, ಒಂದು ಮುದ್ದೆ ಮುಗಿಸಿ ಸಂತೋಷವಾಗಿ ಎದ್ದರು. ಅವರ ಮುಖದಲ್ಲಿ ಯಾವ ಕಾಯಿಲೆಯ ಗುರುತಿದೆ ಎಂದು ಹುಡುಕುತ್ತ ಕೂತಿದ್ದ ನಾನು ಕೆಳಗೆ ನೋಡಿದಾಗ, ಸರೋಜ ನನ್ನ ತಟ್ಟೆಯ ಹತ್ತಿರದಿಂದ ಮುದ್ದೆಯ ಪಾತ್ರೆಯನ್ನು ದೂರ ಸರಿಸುತ್ತಿದ್ದಳು. ನಾನು ಆಗಲೇ ಮೂರನೆಯ ಮುದ್ದೆಯಲ್ಲಿದ್ದೆ.